ಘಾಟಗೆಯವರ ಹೆಸರಲ್ಲಿ ಒಂದು ಮೈಕು, ಒಂದು ಹಳೇ ಫ್ಯಾನು

ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಹೋದ ತಿಂಗಳು ಸುರಂಜನ್ ದಾಸ್ ರಸ್ತೆಯಲ್ಲಿ ಆಟೋದಲ್ಲಿ ಹೋಗುತ್ತಿದ್ದೆ. ನಿಂತಿದ್ದೆ ಅಂದರೆ ಸರಿ, ಆ ರಸ್ತೆಯ ಸಂಜೆ ಟ್ರಾಫಿಕ್ ಕಂಡವರಿಗೆ ಗೊತ್ತು. ಆಟೋ ಹುಡುಗ ರಸ್ತೆಯ ಬೋರ್ಡು ಓದಿ, ತಿರುಗಿ ಕೇಳಿದ: “ಯಾರು ಸಾರ್ ಈ ದಾಸರು? ಪುರಂದರದಾಸರ ಕಡೆಯವರಾ?”

ನಕ್ಕುಬಿಟ್ಟೆ. ಆಮೇಲೆ ಹೇಳಿದೆ: ಇವರು ವಿಮಾನ ಹಾರಿಸಿದ ದಾಸರಪ್ಪ. ಟೆಸ್ಟ್ ಪೈಲಟ್. ಹೊಸ ವಿಮಾನ ಕಟ್ಟಿದಾಗ ಅದು ಹಾರುತ್ತೋ ಇಲ್ಲವೋ ಅಂತ ಮೊದಲು ಹತ್ತಿ ನೋಡುವವರು. 1961ರ ಜೂನ್ 17ರಂದು ಮಾರುತ್ ಅನ್ನುವ ಯುದ್ಧವಿಮಾನವನ್ನು ಮೊದಲ ಸಲ ಹಾರಿಸಿದವರು ಇವರೇ. 1970ರ ಜನವರಿಯಲ್ಲಿ ಅದೇ ಮಾರುತ್‌ನ ಇನ್ನೊಂದು ಮಾದರಿಯನ್ನು ಪರೀಕ್ಷೆ ಮಾಡುವಾಗ ಜೀವ ಬಿಟ್ಟರು.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಹತ್ತು ವರ್ಷದಿಂದ ಇದೇ ರೋಡಲ್ಲಿ ಓಡಾಡ್ತಿದ್ದೀನಿ ಸಾರ್, ಯಾರೂ ಹೇಳಲಿಲ್ವಲ್ಲ” ಅಂದ. ಆಮೇಲೆ, “ಆ ವಿಮಾನ ಮಾಡಿದ್ಯಾರು? ನಮ್ಮೋರೇನಾ?”

ಮಾರುತ್ ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥರು ಜರ್ಮನಿಯಿಂದ ಬಂದ ಕುರ್ಟ್ ಟಾಂಕ್. ಅದನ್ನು ಹೇಳಿ, “ಆದರೆ ಅದಕ್ಕೂ ಹತ್ತು ವರ್ಷ ಮುಂಚೆನೇ ಇಲ್ಲಿ...” ಅನ್ನುವಷ್ಟರಲ್ಲಿ ಮುಂದಿದ್ದ ಬಸ್ಸು ಅಲ್ಲಾಡಿತು. ಹಿಂದಿನವರು ಹಾರ್ನ್ ಹೊಡೆದರು. ಮಾತು ಅಲ್ಲಿಗೇ ತುಂಡಾಯಿತು.

ಆ ಹುಡುಗನಿಗೆ ಹೇಳದೆ ಉಳಿದದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಜೊತೆಗೆ ಒಂದು ಬೇಡಿಕೆಯೂ ಇದೆ.

ಹೇಳಬೇಕಿದ್ದ ಹೆಸರು ವಿಷ್ಣು ಮಾಧವ ಘಾಟಗೆ. 1908ರಲ್ಲಿ ಹುಟ್ಟಿದವರು, ನಮ್ಮ ಬೆಳಗಾವಿಯ ಗಡಿ ದಾಟಿದರೆ ಸಿಗುವ ಕೊಲ್ಹಾಪುರದ ಕಡೆಯವರು. 1930ರ ದಶಕದಲ್ಲಿ ಜರ್ಮನಿಯ ಗಟಿಂಗೆನ್‌ಗೆ ಹೋಗಿ, ಲುಡ್ವಿಗ್ ಪ್ರಾಂಟಲ್ ಅನ್ನುವ ದೊಡ್ಡ ಮೇಷ್ಟ್ರ ಹತ್ತಿರ ಪಿಎಚ್‌ಡಿ ಮಾಡಿದರು. ಬೆಂಗಳೂರಿಗೆ ಬಂದಾಗ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅದನ್ನು ಹುಟ್ಟುಹಾಕಿದಾಗ ಜಾಗವನ್ನೂ ಬಂಡವಾಳವನ್ನೂ ಕೊಟ್ಟು ಕೈಹಿಡಿದದ್ದು ಮೈಸೂರು ಸಂಸ್ಥಾನ. ಆ ಕಾರ್ಖಾನೆಯೇ ಮುಂದೆ ಎಚ್‌ಎಎಲ್ ಆಯಿತು. ಅಲ್ಲಿ ಘಾಟಗೆ ಮೊದಲು ಮಾಡಿದ್ದು ಹತ್ತು ಜನ ಕೂರುವ ಒಂದು ಗ್ಲೈಡರ್. ಎಂಜಿನ್ ಇಲ್ಲದ ವಿಮಾನ. ಅದು ಒಂದೇ ಒಂದು ತಯಾರಾಯಿತು. ಆಮೇಲೆ ಯುದ್ಧ ಜೋರಾಯಿತು, ಕಾರ್ಖಾನೆ ಅಮೆರಿಕನ್ನರ ವಿಮಾನ ರಿಪೇರಿ ಮಾಡುವ ಗ್ಯಾರೇಜ್ ಆಯಿತು. ಯುದ್ಧ ಮುಗಿದ ಮೇಲೆ ರಿಪೇರಿಗೂ ಕೆಲಸವಿಲ್ಲ. ರೈಲು ಬೋಗಿ ಮಾಡಿದರು, ಬಸ್ಸಿನ ಬಾಡಿ ಕಟ್ಟಿದರು.

ಬೋಗಿ ಕಟ್ಟುತ್ತಿದ್ದ ಆ ಕಾರ್ಖಾನೆಯಿಂದಲೇ 1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ಹಾರಿತು. ಭಾರತದಲ್ಲೇ ವಿನ್ಯಾಸ ಮಾಡಿ, ಇಲ್ಲೇ ಕಟ್ಟಿದ ಮೊದಲ ಎಂಜಿನ್ ವಿಮಾನ. ವಿನ್ಯಾಸದ ಮುಖ್ಯಸ್ಥರು ಘಾಟಗೆ. ಪೂರ್ತಿ ಲೋಹದ ಮೈ, ಒಂದರ ಹಿಂದೆ ಒಂದು ಎರಡು ಸೀಟು, 155 ಅಶ್ವಶಕ್ತಿಯ ಎಂಜಿನ್. ಇವತ್ತಿನ ಒಂದು ಎಸ್‌ಯುವಿಯಲ್ಲಿ ಇರುವಷ್ಟೇ ಶಕ್ತಿ ಅನ್ನಿ. ಅದು ತರಬೇತಿ ವಿಮಾನ. ಅಂದರೆ ಹಾರಲು ಬಾರದವನು ಹಾರಿಸುವ ವಿಮಾನ. ಧಡ್ ಅಂತ ಇಳಿಸಿದರೂ ಚಕ್ರ ಮುರಿಯಬಾರದು. ಗಿರಗಿರ ಸುತ್ತುತ್ತಾ ಕೆಳಗೆ ಬಿದ್ದರೆ ಹುಡುಗ ಹೆದರದೆ ಕೈಯಲ್ಲಿನ ಕಂಟ್ರೋಲ್ ಕಡ್ಡಿಯನ್ನೂ ಕಾಲಿನ ಪೆಡಲನ್ನೂ ಸರಿಯಾದ ಕಡೆ ತಳ್ಳಿದಾಗ ಮತ್ತೆ ನೆಟ್ಟಗಾಗಬೇಕು. ಯುದ್ಧವಿಮಾನಕ್ಕಿಂತ ಇದನ್ನು ಮಾಡುವುದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 150ಕ್ಕೂ ಜಾಸ್ತಿ ಎಚ್‌ಟಿ-2 ತಯಾರಾದವು, ಕೆಲವು ಘಾನಾ ದೇಶಕ್ಕೂ ಹೋದವು. ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಸಲ ನೆಲ ಬಿಟ್ಟದ್ದು ಇದರಲ್ಲೇ. ಮುಂದೆ ಫ್ಲೈಯಿಂಗ್ ಕ್ಲಬ್‌ಗಳಿಗೆ ಪುಷ್ಪಕ್, 1964ರಲ್ಲಿ ಕಿರಣ್ ಜೆಟ್ ಬಂದವು. ಬೀದರ್‌ನ ಜನರಿಗೆ ಕಿರಣ್ ಬಗ್ಗೆ ಹೇಳಬೇಕಿಲ್ಲ, ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣ್ 1996ರಿಂದ 2011ರವರೆಗೆ ಅವರ ತಲೆ ಮೇಲೆಯೇ ಅದರಲ್ಲಿ ಪಲ್ಟಿ ಹೊಡೆದಿದೆ. ಘಾಟಗೆಯವರಿಗೆ 1965ರಲ್ಲಿ ಪದ್ಮಶ್ರೀ ಬಂತು. 1991ರಲ್ಲಿ ತೀರಿಕೊಂಡರು.

ಅವರನ್ನು ಯಾರೂ ನೆನೆಯುವುದಿಲ್ಲ ಅಂತ ದೂರುವುದು ತಪ್ಪಾಗುತ್ತದೆ. ಎಚ್‌ಎಎಲ್ ಇರುವ ವಿಮಾನಪುರದಲ್ಲಿ ಅವರ ಹೆಸರಿನ ಸಭಾಭವನ ಇದೆ. ಏರೋನಾಟಿಕಲ್ ಸೊಸೈಟಿ ಅವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ. ಕ್ಷೇತ್ರದವರಿಗೆಲ್ಲ ಅವರು ಗೊತ್ತು. ಆದರೆ ನಮ್ಮ ಆಟೋ ಹುಡುಗ ಆ ಸಭಾಭವನದ ಒಳಗೆ ಹೋಗುವವನಲ್ಲ. ರಸ್ತೆಗೆ ಹೆಸರಿಟ್ಟರೆ ಏನಾಗುತ್ತದೆ ಅನ್ನೋದನ್ನ ದಾಸರ ವಿಷಯದಲ್ಲಿ ನೋಡಿದ್ದೇವಲ್ಲ. ಹಾಗಾಗಿ ಇನ್ನೊಂದು ಪ್ರತಿಮೆ, ಇನ್ನೊಂದು ಸರ್ಕಲ್ ಕೇಳುತ್ತಿಲ್ಲ. ಘಾಟಗೆಯವರ ಹೆಸರಲ್ಲಿ ಪ್ರತಿ ವರ್ಷ, ಊರೂರಲ್ಲಿ, ಕನ್ನಡದಲ್ಲಿ, ಯಾರು ಬೇಕಾದರೂ ಬಂದು ಕೂರಬಹುದಾದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಭಾಷಣಗಳನ್ನು ಏರ್ಪಾಡು ಮಾಡಿ. ಇಷ್ಟೇ ನನ್ನ ಬೇಡಿಕೆ.

ಇಂಥದ್ದು ಹೊಸದಲ್ಲ. ರೈಟ್ ಸೋದರರಲ್ಲಿ ದೊಡ್ಡವನಾದ ವಿಲ್ಬರ್ 1912ರಲ್ಲಿ ತೀರಿಕೊಂಡ. ಮರುವರ್ಷವೇ ಲಂಡನ್ನಿನಲ್ಲಿ ಅವನ ಹೆಸರಿನ ಭಾಷಣ ಶುರುವಾಯಿತು. ಅಷ್ಟು ದೂರ ಯಾಕೆ? ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳ ಬಗ್ಗೆ ಕೇಳಿರುತ್ತೀರಿ. ಪ್ರೊಫೆಸರ್‌ಗಳು ಹಳ್ಳಿ, ಪಟ್ಟಣಗಳಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳಿ ಬರುತ್ತಿದ್ದರು. ಆ ಮಾತುಗಳೇ ಚಿಕ್ಕ ಚಿಕ್ಕ ಪುಸ್ತಕಗಳಾಗಿ ಪುಡಿಗಾಸಿಗೆ ಸಿಗುತ್ತಿದ್ದವು. ಅದಕ್ಕೂ ಮುಂಚೆ, 1918ರಲ್ಲೇ, ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬರೀ ವಿಜ್ಞಾನಕ್ಕಾಗಿ ಕನ್ನಡದಲ್ಲಿ ಮಾಸಪತ್ರಿಕೆ ನಡೆಸಿದ್ದರು. ಇವತ್ತಿನಂಥ ಮೈಕು, ಪ್ರೊಜೆಕ್ಟರು ಆಗ ಇರಲಿಲ್ಲ.

ಸ್ಮಾರಕ ಉಪನ್ಯಾಸಗಳು ಈಗಲೂ ನಡೆಯುತ್ತವಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ನಡೆಯುತ್ತವೆ. ನಾನೂ ಹೋಗಿದ್ದೇನೆ. ಒಂದರ ಕಥೆ ಹೇಳುತ್ತೇನೆ, ಜಾಗದ ಹೆಸರು ಬೇಡ.

ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತನಾದವನು. ಆ ಸಲ ನನ್ನ ಇಬ್ಬರು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋಗಿದ್ದೆ. ಗೇಟಿನಲ್ಲಿ ಪಾಸ್ ಕೇಳಿದರು. ಪೇಪರಿನಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ಬಂದಿತ್ತು, ಆ ಪೇಪರನ್ನೇ ತೋರಿಸಿದೆ. ಅವರು ಒಳಗೆ ಫೋನ್ ಮಾಡಿದರು, ಒಳಗಿನವರು ಇನ್ನೊಬ್ಬರಿಗೆ ಮಾಡಿದರು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆವು. ಹುಡುಗರ ಮುಖ ನೋಡಲಾಗಲಿಲ್ಲ. ಕೊನೆಗೆ ಬಿಟ್ಟರು. ಒಳಗೆ ಹೋದರೆ ದೀಪ ಹಚ್ಚುತ್ತಿದ್ದರು, ಸದ್ಯ ತಡವಾಗಲಿಲ್ಲ ಅಂದುಕೊಂಡೆ. ಸ್ವಾಗತ, ಪರಿಚಯ, ಹೂಗುಚ್ಛ, ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣ ಶುರುವಾಗುವಾಗ ಹನ್ನೆರಡು ದಾಟಿತ್ತು. ಭಾಷಣಕಾರರು ಪರದೆಯ ಮೇಲಿದ್ದ ಇಂಗ್ಲಿಷನ್ನು ಹಾಗೇ ಓದಿದರು. ನನ್ನ ಜೊತೆ ಬಂದಿದ್ದ ಇಬ್ಬರಲ್ಲಿ ಒಬ್ಬಳು ಹುಡುಗಿ, ಅವಳು ಪ್ರಶ್ನೆ ಕೇಳಲು ಕೈ ಎತ್ತಿದಳು. ಸಮಯದ ಅಭಾವ ಅಂದರು.

ಆಮೇಲೆ ಊಟ. ಬಿಸಿಬೇಳೆಬಾತ್ ಸಾಲಿನಲ್ಲಿ ಅದೇ ಭಾಷಣಕಾರರು ನಮ್ಮ ಮುಂದೆ ನಿಂತಿದ್ದರು. ಮಂಡ್ಯ ಕಡೆಯ ಮಾತು. ನಮ್ಮ ಹುಡುಗಿ ಧೈರ್ಯ ಮಾಡಿ ಅಲ್ಲೇ ಕೇಳಿದಳು: “ಸಾರ್, ವಿಮಾನದ ರೆಕ್ಕೆ ಅಷ್ಟೊಂದು ಬಾಗುತ್ತಲ್ಲ, ಮುರಿಯಲ್ವಾ?” ಅವರು ತಟ್ಟೆಯನ್ನು ಎಡಗೈಗೆ ತಗೊಂಡರು. ಬಲಗೈಯನ್ನು ಪಕ್ಕಕ್ಕೆ ಚಾಚಿದರು. “ನೋಡವ್ವ, ತೆಂಗಿನಮರ ಗಾಳಿಗೆ ಬಾಗ್ತದೆ, ಅದಕ್ಕೇ ನಿಂತದೆ. ಬಾಗದೆ ಇರೋ ಹಂಗೆ ರೆಕ್ಕೆ ಮಾಡಬೋದು. ಆದ್ರೆ ಅದು ಎಷ್ಟು ದಪ್ಪ ಆಯ್ತದೆ ಅಂದ್ರೆ, ವಿಮಾನ ತನ್ನ ರೆಕ್ಕೆ ಹೊತ್ಕೊಂಡೇ ಸುಸ್ತಾಯ್ತದೆ.” ಹಿಂದಿನ ಹತ್ತು ಜನ ಊಟ ಮರೆತು ಸುತ್ತ ಸೇರಿದರು. ಕಾಲು ಗಂಟೆ ಮಾತಾಡಿದರು. ನಾನು ಕೇಳಿದ ಅತ್ಯುತ್ತಮ ಎಂಜಿನಿಯರಿಂಗ್ ಪಾಠಗಳಲ್ಲಿ ಅದೂ ಒಂದು. ವೇದಿಕೆ ಮೇಲೆ ಆ ಮನುಷ್ಯ ಎಲ್ಲಿ ಹೋಗಿದ್ದರೋ!

ಆ ಸಾಲಿನಲ್ಲಿ ನಡೆದದ್ದನ್ನು ವೇದಿಕೆಗೆ ತನ್ನಿ ಅನ್ನುತ್ತಿದ್ದೇನೆ, ಸಚಿವರೇ. ಈ ಊರಿನಲ್ಲಿ ವಿಮಾನದ ಕೆಲಸ ಎಂಬತ್ತು ವರ್ಷದಿಂದ ಕನ್ನಡದಲ್ಲೂ ನಡೆದಿದೆ. ನಮ್ಮಪ್ಪ ಅದೇ ಕಾರ್ಖಾನೆಯಲ್ಲಿ ರಿವಿಟ್ ಹೊಡೆಯುತ್ತಿದ್ದರು. ಕಿರಣ್‌ಗೂ ಹೊಡೆದಿದ್ದಾರೆ. ಓದಿದ್ದು ಎಂಟನೇ ಕ್ಲಾಸು. ರಾತ್ರಿ ಊಟಕ್ಕೆ ಕೂತಾಗ ಬಾಣಲೆಯ ಹಿಡಿ ತೋರಿಸಿ, “ಇಲ್ಲಿ ಎರಡು ಗುಂಡು ಮೊಳೆ ಇದೆಯಲ್ಲ, ಇದೇ ರಿವಿಟ್ಟು. ವಿಮಾನದಲ್ಲಿ ಇಂಥವು ಸಾವಿರಗಟ್ಟಲೆ” ಅನ್ನುತ್ತಿದ್ದರು. ಹೊರಗಡೆ ಒಬ್ಬ ಗನ್ ಹಿಡಿದು ಹೊಡೆಯಬೇಕು. ಒಳಗಡೆ ಇನ್ನೊಬ್ಬ ಉಕ್ಕಿನ ಗಟ್ಟಿ ಒತ್ತಿ ಹಿಡಿಯಬೇಕು. ಮಧ್ಯೆ ತಗಡು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಸದ್ದಿಗೆ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಒಳಗಿನವನು ತಗಡು ತಟ್ಟುತ್ತಿದ್ದ. ಒಂದು ತಟ್ಟಿದರೆ ಇನ್ನೂ ಸ್ವಲ್ಪ, ಎರಡು ತಟ್ಟಿದರೆ ಸರಿಹೋಯ್ತು. ನಮ್ಮಪ್ಪ ನಿವೃತ್ತರಾದ ಮೇಲೂ ಅಮ್ಮ ಸಾರು ಬಡಿಸುವಾಗ ತಟ್ಟೆಯನ್ನು ಎರಡು ಸಲ ತಟ್ಟುತ್ತಿದ್ದರು. ಸಾಕು ಅಂತ.

ಅವರು ಹೇಳಿದ ಇನ್ನೊಂದು ವಿಷಯ ನನಗೆ ಚಿಕ್ಕವನಿದ್ದಾಗ ನಂಬಲಾಗಿರಲಿಲ್ಲ. ಕೆಲವು ಜಾತಿಯ ರಿವಿಟ್‌ಗಳನ್ನು ಫ್ರಿಜ್‌ನಲ್ಲಿ ಇಡುತ್ತಾರೆ ಅನ್ನುತ್ತಿದ್ದರು. ಆಗ ನಮ್ಮ ಬೀದಿಯಲ್ಲೇ ಯಾರ ಮನೆಯಲ್ಲೂ ಫ್ರಿಜ್ ಇರಲಿಲ್ಲ, ರಿವಿಟ್‌ಗೆ ಫ್ರಿಜ್ ಅಂತೆ! ಡಿಪ್ಲೊಮಾ ಓದುವಾಗ ಕಾರಣ ತಿಳಿಯಿತು. ಅಲ್ಯುಮಿನಿಯಂಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹ ಅದು. ಕಾಯಿಸಿ ತಟ್ಟನೆ ತಣಿಸಿದಾಗ ಮೆತ್ತಗಿರುತ್ತದೆ. ಆಮೇಲೆ ಸುಮ್ನೆ ಇಟ್ಟರೂ ಒಳಗೆ ತಾಮ್ರದ ಪರಮಾಣುಗಳು ಗುಂಪುಗೂಡುತ್ತಾ ಹೋಗಿ ತಾನಾಗೇ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಹೊಡೆದರೆ ಬಿರುಕು ಬಿಡುತ್ತದೆ. ಚಳಿಯಲ್ಲಿಟ್ಟರೆ ಈ ಕೆಲಸ ನಿಧಾನವಾಗುತ್ತದೆ. ಇಡ್ಲಿ ಹಿಟ್ಟು ಹುಳಿ ಬರದಿರಲಿ ಅಂತ ಫ್ರಿಜ್‌ಗೆ ಇಡುವುದಿಲ್ಲವೇ, ಹಾಗೇ. ಇದನ್ನು ಹೇಳಿದಾಗ ನನ್ನ ಕ್ಲಾಸಿನಲ್ಲಿ ನಿದ್ದೆ ಮಾಡುವ ಹುಡುಗನೂ ಎದ್ದು ಕೂರುತ್ತಿದ್ದ.

ಹಾಗಾಗಿ ವೇದಿಕೆ ಮೇಲೆ ವಿಜ್ಞಾನಿಗಳ ಜೊತೆ ಫಿಟ್ಟರ್‌ಗಳೂ ಬರಲಿ. ವಿಮಾನ ಹಾರುವ ಮುಂಚೆ ಒಂದೊಂದು ಬೋಲ್ಟ್ ನೋಡಿ ಸಹಿ ಹಾಕುವ ಇನ್‌ಸ್ಪೆಕ್ಟರ್‌ಗಳು ಬರಲಿ. ನಿವೃತ್ತರಾದವರು ಬೆಂಗಳೂರಿನ ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಬೆಳಿಗ್ಗೆ ಪಾರ್ಕ್‌ನಲ್ಲಿ ವಾಕಿಂಗ್ ಮಾಡುತ್ತಾ ಇದೇ ಕಥೆಗಳನ್ನು ಪರಸ್ಪರ ಹೇಳಿಕೊಳ್ಳುತ್ತಾರೆ. ಅವರಿಗೆ ವಯಸ್ಸಾಗುತ್ತಿದೆ. ನಮ್ಮಪ್ಪ ಈಗಿಲ್ಲ.

ಗುಟ್ಟಿನ ವಿಷಯ ಹೊರಗೆ ಹೋಗುತ್ತೆ ಅಂತ ಯಾರಾದರೂ ತಕರಾರು ತೆಗೆಯಬಹುದು. 1951ರ ವಿಮಾನದಲ್ಲಿ ಯಾವ ಗುಟ್ಟಿದೆ? ಮೂಲಪಾಠ ಹೇಳಲು ಹೊಸ ವಿಮಾನ ಬೇಕಾಗಿಯೂ ಇಲ್ಲ. ಇನ್ನು ಕನ್ನಡದಲ್ಲಿ ಪದಗಳಿಲ್ಲ ಅನ್ನುವ ಹಳೇ ರಾಗ. ವಿಮಾನವನ್ನು ಮೇಲೆತ್ತುವ ಲಿಫ್ಟ್‌ಗೆ ಲಿಫ್ಟ್ ಅನ್ನಿ, ಹಿಂದಕ್ಕೆಳೆಯುವ ಡ್ರ್ಯಾಗ್‌ಗೆ ಡ್ರ್ಯಾಗ್ ಅನ್ನಿ. ಶಾಪ್‌ಫ್ಲೋರ್‌ನಲ್ಲಿ ಯಾರೂ ಪದಕೋಶ ಹಿಡಿದು ನಿಂತಿರಲಿಲ್ಲ. ಕ್ರಿಯಾಪದ ಕನ್ನಡದ್ದಾಗಿದ್ದರೆ ನನಗೆ ಸಾಕು.

ಜನ ಬರುತ್ತಾರಾ? ಯಲಹಂಕದ ಏರೋ ಇಂಡಿಯಾ ನೋಡಿ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಟಿಕೆಟ್ ಸಿಗದವರು ಹೈವೇ ಪಕ್ಕ ಗಾಡಿ ನಿಲ್ಲಿಸಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಾರೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಜನ ಕರೆಯುವ ಐಐಎಸ್‌ಸಿಯ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಓಪನ್ ಡೇ ದಿನ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಆಸೆ ಇದೆ ಜನಕ್ಕೆ. ಹಾರಿ ಹೋದ ಮೇಲೆ ಹೊಗೆ ನೋಡುತ್ತಾ ನಿಂತ ಆ ಮಗು, ಅದು ಹೇಗೆ ತಲೆಕೆಳಗಾಗಿ ಹಾರಿತು ಅಂತ ಕೇಳಿದರೆ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ, ಅಷ್ಟೇ.

ಹೇಳುವವರಿಲ್ಲದ ಜಾಗಕ್ಕೆ ವಾಟ್ಸ್ಯಾಪ್ ಬರುತ್ತದೆ. ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ಪುರಾತನ ಅಂತ ಹೇಳಿಕೊಳ್ಳುವ ‘ವೈಮಾನಿಕ ಶಾಸ್ತ್ರ’ ಪುಸ್ತಕದ ವಿಮಾನಗಳು ನನ್ನ ಫೋನಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತವೆ. ಕಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದೇ ಬೆಂಗಳೂರಿನ ಐಐಎಸ್‌ಸಿಯ ಐದು ಜನ ಆ ಪುಸ್ತಕವನ್ನು ಕೂತು ಓದಿ, ಚಿತ್ರಗಳನ್ನು ಅಳೆದು, ಲೆಕ್ಕ ಹಾಕಿ, ಇವು ಹಾರುವಂಥವಲ್ಲ ಅಂತ 1974ರಲ್ಲೇ ಬರೆದರು. ಬೈಯಲಿಲ್ಲ, ಪರೀಕ್ಷೆ ಮಾಡಿದರು. ಹೇಗೆ ಪರೀಕ್ಷೆ ಮಾಡಿದರು ಅನ್ನೋದೇ ಒಂದು ಸಂಜೆಯ ಭಾಷಣಕ್ಕೆ ಎಂಥ ವಿಷಯ! ಪುರಾಣದ ಪುಷ್ಪಕ ನಮಗೆಲ್ಲ ಗೊತ್ತು. 1958ರಲ್ಲಿ ಹಾರಿದ, ರೆಕ್ಕೆಗೆ ಬಟ್ಟೆ ಹೊದಿಸಿದ, ಎರಡು ಸೀಟಿನ ಪುಷ್ಪಕ್ ಎಷ್ಟು ಜನಕ್ಕೆ ಗೊತ್ತು?

ಸೋತ ಕಥೆಗಳನ್ನೂ ಹೇಳಿಸಿ. ಮಾರುತ್ ನೋಡಲು ಚೆಂದ, 147 ತಯಾರಾದವು, 1971ರ ಯುದ್ಧದಲ್ಲಿ ಕೆಲಸಕ್ಕೂ ಬಂತು. ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬೇಕು ಅಂತ ಕನಸಿಟ್ಟು ಮಾಡಿದ್ದು, ಆ ವೇಗ ಮುಟ್ಟಲೇ ಇಲ್ಲ. ಯಾಕೆ ಹೀಗಾಯಿತು, ಎಂಜಿನ್ ಮಾಡುವುದು ಮೈಕಟ್ಟು ಮಾಡುವುದಕ್ಕಿಂತ ಯಾಕೆ ಕಷ್ಟ ಅನ್ನೋದನ್ನ ಬಲ್ಲವರು ಬಿಚ್ಚಿ ಹೇಳಿದರೆ, ಹುಡುಗರು ಹತ್ತು ವಿಜಯೋತ್ಸವದ ಭಾಷಣಕ್ಕಿಂತ ಜಾಸ್ತಿ ಕಲಿಯುತ್ತಾರೆ. ಅಂಥ ಮಾತಿಗೆ ಸ್ವಲ್ಪ ಧೈರ್ಯ ಬೇಕು. ಅದನ್ನು ನೀವು ಕೊಡಬೇಕು.

ಎಲ್ಲೆಲ್ಲಿ ಮಾಡಬಹುದು ಅಂತ ಯೋಚಿಸಿದ್ದೇನೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಸುತ್ತಲಿನ ಹೈಸ್ಕೂಲ್ ಮಕ್ಕಳಿಗೆ ಹೆಲಿಕಾಪ್ಟರ್ ಬಾಲದಲ್ಲಿ ಆ ಚಿಕ್ಕ ಫ್ಯಾನು ಯಾಕಿದೆ ಅಂತ ಯಾರಾದರೂ ಹೇಳಿದ್ದಾರಾ? ಚಳ್ಳಕೆರೆಯಲ್ಲಿ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷಾ ಕೇಂದ್ರವಿದೆ, ಅಲ್ಲೊಂದು ಮಾಡಿ. ಬೀದರ್‌ನಲ್ಲಿ ಒಂದು. ಜಕ್ಕೂರಿನಲ್ಲಿ ಸರ್ಕಾರದ್ದೇ ಫ್ಲೈಯಿಂಗ್ ಸ್ಕೂಲ್ ಇದೆ, ಅಲ್ಲಿ ಬಯಲಲ್ಲೇ ಕುರ್ಚಿ ಹಾಕಿ. ಬೆಂಗಳೂರಿನ ಭಾಷಣ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಆಗಲಿ, ಬಸ್ಸಿಳಿದು ನಡೆದು ಬರಬಹುದು. ಉಳಿದ ಕಡೆ ಸರ್ಕಾರಿ ಪಾಲಿಟೆಕ್ನಿಕ್‌ಗಳು ಇದ್ದೇ ಇವೆ. ಸಂಜೆ ಐದೂವರೆಗೆ ಇಡಿ, ಕೆಲಸ ಮುಗಿಸಿ ಬರುವವರಿಗೆ ಅನುಕೂಲ. ಮುಕ್ಕಾಲು ಗಂಟೆ ಮಾತು, ಮುಕ್ಕಾಲು ಗಂಟೆ ಪ್ರಶ್ನೆ. ಮೊದಲ ಸಾಲು ಗಣ್ಯರಿಗೆ ಅಂತ ಹಗ್ಗ ಕಟ್ಟಬೇಡಿ, ಅಲ್ಲಿ ಮಕ್ಕಳು ಕೂರಲಿ. ತಪ್ಪು ತಿಳಿಯಬೇಡಿ, ನೀವು ಬಂದರೂ ಅವರ ಹಿಂದೆಯೇ ಕೂರಬೇಕು. ಶಾಲು, ಪೇಟದ ದುಡ್ಡಿನಲ್ಲಿ ಭಾಷಣವನ್ನು ಚಿಕ್ಕ ಪುಸ್ತಕ ಮಾಡಿ ಹಂಚಿ.

ಶುರು ಮಾಡುವುದು ಆಗಸ್ಟ್‌ನಲ್ಲಿ, ಎಚ್‌ಟಿ-2 ಹಾರಿದ ತಿಂಗಳಲ್ಲಿ. ಮೊದಲ ಭಾಷಣಕ್ಕೆ ವಿಷಯವನ್ನೂ ಹೇಳಿಬಿಡುತ್ತೇನೆ: ಫ್ಯಾನಿನ ಮೇಲಿನ ಧೂಳು.

ಸೀಲಿಂಗ್ ಫ್ಯಾನ್ ದಿನವಿಡೀ ಅಷ್ಟು ಜೋರಾಗಿ ತಿರುಗುತ್ತದೆ. ಕೋಣೆಯ ಪೇಪರೆಲ್ಲ ಹಾರುತ್ತವೆ. ಆದರೂ ಅದರ ರೆಕ್ಕೆಯ ಮೇಲೆಯೇ ಧೂಳು ದಪ್ಪಗೆ ಕೂತಿರುತ್ತದೆ. ಹಾರಿ ಹೋಗಬೇಕಿತ್ತು ತಾನೆ? ಹೋಗುವುದಿಲ್ಲ, ಯಾಕೆಂದರೆ ರೆಕ್ಕೆಗೆ ಅಂಟಿಕೊಂಡಿರುವ ಗಾಳಿ ರೆಕ್ಕೆಯ ಜೊತೆಗೇ ತಿರುಗುತ್ತದೆ. ಅದರ ಮೇಲೆ ಒಂದು ತೆಳ್ಳನೆಯ ಪದರದೊಳಗೆ ಗಾಳಿ ನಿಧಾನದಿಂದ ಜೋರಿಗೆ ಏರುತ್ತದೆ. ಧೂಳಿನ ಕಣ ಎಷ್ಟು ಚಿಕ್ಕದೆಂದರೆ ಆ ಪದರದ ತಳದಲ್ಲೇ ಅಡಗಿರುತ್ತದೆ, ಬಿರುಗಾಳಿ ಅದರ ತಲೆ ಮೇಲೆ ಹಾದುಹೋಗುತ್ತದೆ. ಈ ಪದರದ ವಿಷಯವನ್ನು 1904ರಲ್ಲಿ ಒಂದು ಸಮ್ಮೇಳನದಲ್ಲಿ, ಹತ್ತೇ ನಿಮಿಷದ ಭಾಷಣದಲ್ಲಿ ಹೇಳಿದವರು ಪ್ರಾಂಟಲ್. ಹೌದು, ಘಾಟಗೆಯವರ ಮೇಷ್ಟ್ರು. ವಿಮಾನದ ರೆಕ್ಕೆಯ ಮೇಲೂ ಇದೇ ಪದರ ಇರುತ್ತದೆ. ಮೂತಿ ತೀರಾ ಮೇಲಕ್ಕೆತ್ತಿದರೆ ಈ ಪದರ ರೆಕ್ಕೆಯನ್ನು ಬಿಟ್ಟು ಏಳುತ್ತದೆ, ಎತ್ತುವ ಶಕ್ತಿ ಕುಸಿಯುತ್ತದೆ, ವಿಮಾನ ಬೀಳತೊಡಗುತ್ತದೆ. ಬಿದ್ದರೂ ಕಲಿಯುವ ಹುಡುಗನ ಕೈಗೆ ಮತ್ತೆ ಸಿಗುವಂಥ ವಿಮಾನ ಮಾಡಬೇಕಾದರೆ ಈ ಪದರವನ್ನು ಚೆನ್ನಾಗಿ ಬಲ್ಲವರೇ ಬೇಕಿತ್ತು. ಗಟಿಂಗೆನ್‌ನಿಂದ ಅದನ್ನು ಕಲಿತು ಬಂದವರು ವಿಮಾನಪುರದಲ್ಲಿ ಕೂತು ಮಾಡಿದರು.

ಇದನ್ನು ಹೇಳಲು ಒಳ್ಳೆಯ ಭಾಷಣಕಾರರನ್ನು ಹುಡುಕುವ ಕೆಲಸ ನಿಮ್ಮ ಇಲಾಖೆಯದು. ಮೈಕು, ಕುರ್ಚಿ, ಟೀ ನಿಮ್ಮದು. ಆ ಆಟೋ ಹುಡುಗನ ನಂಬರ್ ಇಸಿದುಕೊಂಡಿದ್ದೇನೆ, ಅವನನ್ನು ಕರೆತರುವುದು ನನ್ನ ಜವಾಬ್ದಾರಿ. ಫ್ಯಾನು ಕೂಡ ನಾನೇ ತರುತ್ತೇನೆ. ನಮ್ಮ ಹಿಂದಿನ ಕೋಣೆಯಲ್ಲಿದೆ, ಯುಗಾದಿಗೆ ಮನೆಯೆಲ್ಲ ಗುಡಿಸಿ ಒರೆಸಿದಾಗಲೂ ಅದನ್ನು ಮಾತ್ರ ಮುಟ್ಟಬೇಡ ಅಂತ ಮನೆಯವಳಿಗೆ ಹೇಳಿ ಇಟ್ಟಿದ್ದೇನೆ. ಅವಳು ಆಗಸ್ಟ್‌ವರೆಗೆ ಗಡುವು ಕೊಟ್ಟಿದ್ದಾಳೆ.

ಇತಿ,
ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು,
ಬೆಂಗಳೂರು